ಬ್ಲೌಸ್ ಹೊಲಿದು ಕಲಿತ ಟ್ಯಾಕ್ಸ್ ಪಾಠ

"ಅಕ್ಕಾ, ಕ್ಯಾಶಲ್ಲಿ ಇಸ್ಕೊಂಡ್ರೆ ಟ್ಯಾಕ್ಸಿಗೆ ತೋರಿಸ್ಬೇಕಾಗಿಲ್ಲ ಅಲ್ವಾ?"

ಮೊನ್ನೆ ಶುಕ್ರವಾರ ರಾತ್ರಿ ಗೆಳತಿಯೊಬ್ಬಳು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆಯೇ ಇದು. ಇಲ್ಲಿ ನ್ಯೂಜೆರ್ಸಿಯಲ್ಲಿ ಸೀಮಂತ, ನಾಮಕರಣ, ಗೃಹಪ್ರವೇಶಗಳಿಗೆ ಮಂಟಪ ಕಟ್ಟಿ ಹೂವಿನ ಅಲಂಕಾರ ಮಾಡಿಕೊಡೋಕೆ ಶುರುಮಾಡಿದ್ದಾಳೆ. ಇನ್ನೂ ಒಂದು ವರ್ಷ ತುಂಬಿಲ್ಲ. ಕೈ ಚುರುಕು, ಬಾಯಿಮಾತಲ್ಲೇ ಹೆಸರು ಹಬ್ಬಿ ಶನಿವಾರ-ಭಾನುವಾರ ಒಂದೂ ಖಾಲಿ ಇಲ್ಲದ ಹಾಗಾಗಿದೆ. ಅವಳಿಗೆ ಯಾರೋ ಪುಣ್ಯಾತ್ಮರು ಹೇಳಿದ್ದಾರೆ, "ಚೆಕ್ ಬೇಡ, ಕ್ಯಾಶ್ ಕೊಡಿ ಅನ್ನು, ಯಾರಿಗೂ ಗೊತ್ತಾಗಲ್ಲ" ಅಂತ.

"ಕ್ಯಾಶೋ, ಚೆಕ್ಕೋ, ಫೋನಲ್ಲಿ ಕಳಿಸಿದ್ದೋ, ದುಡ್ಡು ದುಡ್ಡೇ ಕಣೇ. ಎಲ್ಲಾನೂ ತೋರಿಸ್ಬೇಕು" ಅಂದೆ.

"ಹಂಗಾದ್ರೆ ಏನು ಉಳಿಯುತ್ತೆ ಅಕ್ಕಾ?" ಅಂತ ಅವಳ ಎರಡನೇ ಪ್ರಶ್ನೆ.

ಈ ಎರಡನೇ ಪ್ರಶ್ನೆಗೆ ಉತ್ತರ ಕೊಡೋಕೆ ಒಂದೂವರೆ ಗಂಟೆ ಹಿಡೀತು. ಒಲೆ ಮೇಲಿದ್ದ ಸಾರು ತಳ ಹತ್ತಿತು. ಫೋನಿಟ್ಟ ಮೇಲೆ ಅನ್ನಿಸಿತು, ಇವಳೊಬ್ಬಳಿಗೆ ಹೇಳಿದ್ದನ್ನ ಬರೆದಿಟ್ಟರೆ ಇನ್ನೊಂದು ಹತ್ತು ಜನಕ್ಕೆ ಉಪಯೋಗಕ್ಕೆ ಬರಬಹುದು ಅಂತ. ಮೊದಲೇ ಹೇಳಿಬಿಡ್ತೀನಿ, ನಾನು ಸಿಪಿಎ ಅಲ್ಲ. ಬ್ಲೌಸ್ ಹೊಲಿಯುವವಳು. ಆದರೆ ಅಮೆರಿಕದ ತೆರಿಗೆಯ ಜೊತೆ ಹತ್ತು ವರ್ಷ ಗುದ್ದಾಡಿದ್ದೀನಿ. ಮೊದಲನೇ ವರ್ಷ ತಿಂದ ಪೆಟ್ಟು ಇನ್ನೂ ನೆನಪಿದೆ.

*

ನಾನು ಈ ದೇಶಕ್ಕೆ ಬಂದದ್ದು 2009ರಲ್ಲಿ, ಯಜಮಾನರ ಬಾಲ ಹಿಡ್ಕೊಂಡು, ಎಚ್-4 ವೀಸಾದಲ್ಲಿ. ಆಗೆಲ್ಲ ಎಚ್-4 ಅಂದ್ರೆ ಮನೇಲಿ ಕೂತ್ಕೊಳ್ಳೋ ವೀಸಾ. ಹೊಲಿಗೆ ಕಲಿತಿದ್ದು ಊರಲ್ಲಿ. ನಮ್ಮಪ್ಪನದು ಚನ್ನರಾಯಪಟ್ಟಣದಲ್ಲಿ ಸಣ್ಣ ಜವಳಿ ಅಂಗಡಿ. ಅಂಗಡಿ ಮುಂದಿನ ಜಗಲಿಯಲ್ಲಿ ಕೂರುತ್ತಿದ್ದ ದರ್ಜಿಯೇ ನನಗೆ ಗುರು. ಇಲ್ಲಿಗೆ ಬಂದ ಮೇಲೆ ಆರು ವರ್ಷ ಪರಿಚಯದವರಿಗೆಲ್ಲ ಫಾಲ್ ಹಾಕೋದು, ಬ್ಲೌಸ್ ಬಿಗಿ ಸಡಿಲ ಮಾಡಿಕೊಡೋದು, ಎಲ್ಲಾ ಬಿಟ್ಟಿ. ದುಡ್ಡು ಮುಟ್ಟೋ ಹಾಗಿರಲಿಲ್ಲ. 2015ರ ಮೇ ತಿಂಗಳಲ್ಲಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಕೆಲಸ ಮಾಡಲು ಅನುಮತಿ ಕೊಡುವ ನಿಯಮ ಬಂತು. ನನಗೆ ಕಾರ್ಡ್ ಕೈಗೆ ಬರುವ ಹೊತ್ತಿಗೆ ವರ್ಷದ ಕೊನೆ. 2016ರ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ನನ್ನ ಫೋನ್ ನಂಬರ್ ಬರೆದ ಚೀಟಿಯನ್ನೂ ಹಂಚಿದೆ.

ಆ ವರ್ಷ ಬಟ್ಟೆ, ಲೈನಿಂಗ್, ದಾರ, ಹುಕ್ಕು ಕಳೆದು 18,000 ಡಾಲರ್ ಉಳೀತು. ನನ್ನ ಖುಷಿ ಕೇಳಬೇಡಿ! ಅಪ್ಪನಿಗೆ ಫೋನ್ ಮಾಡಿ ಹೇಳಿದ್ರೆ, ಅವರು ಕೇಳಿದ್ದು ಒಂದೇ ಮಾತು: "ಲೆಕ್ಕ ಬರೆದಿದ್ದೀಯೇನಮ್ಮಾ?" ಅಪ್ಪ ರಾತ್ರಿ ಬಾಗಿಲು ಎಳೆಯೋ ಮುಂಚೆ ಕೆಂಪು ಬಟ್ಟೆ ಹೊದಿಕೆಯ ಪುಸ್ತಕದಲ್ಲಿ ಅವತ್ತಿನ ಲೆಕ್ಕ ಬರೀದೆ ಯಾವತ್ತೂ ಮನೆಗೆ ಬಂದವರಲ್ಲ. "ಹೂಂ ಅಪ್ಪಾ" ಅಂದೆ. ಸುಳ್ಳು. ನನ್ನ ಲೆಕ್ಕ ಇದ್ದದ್ದು ಒಂದು ಬಿಸ್ಕತ್ ಡಬ್ಬಿಯಲ್ಲಿ, ರಸೀದಿಗಳ ಮುದ್ದೆಯಾಗಿ.

2017ರ ಏಪ್ರಿಲ್‌ನಲ್ಲಿ ಟ್ಯಾಕ್ಸ್ ಫೈಲ್ ಮಾಡಿಕೊಡೋ ಒಂದು ಕಡೆ ಹೋಗಿ ಕೂತೆವು. ಆತ ಟಕಟಕ ಅಂತ ಟೈಪ್ ಮಾಡಿ ತಲೆ ಎತ್ತಿ ಹೇಳಿದ ನಂಬರ್ ಕೇಳಿ ನಮ್ಮಿಬ್ಬರಿಗೂ ಬಾಯಿ ಒಣಗಿತು. ನನ್ನ 18,000ದ ಮೇಲೆ ಫೆಡರಲ್ ತೆರಿಗೆ ಒಂದೇ ಸುಮಾರು 6,700 ಡಾಲರ್! ರಾಜ್ಯದ್ದು ಬೇರೆ.

ಹೇಗೆ ಅಂತೀರಾ? ಲೆಕ್ಕ ಹೀಗಿದೆ ನೋಡಿ. ಯಜಮಾನರ ಸಂಬಳ ಸೇರಿ ನಮ್ಮಿಬ್ಬರದು ಆಗ 25% ಮೆಟ್ಟಿಲು. ಅದು ಸುಮಾರು 4,180. ಅದರ ಜೊತೆಗೆ ನಾನು ಹೆಸರೇ ಕೇಳಿರದ ಇನ್ನೊಂದು: ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್, ಸುಮಾರು 2,540. ನೌಕರಿಯಲ್ಲಿ ಇರೋರಿಗೆ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್‌ನ ಅರ್ಧ ದುಡ್ಡು ಕಂಪನಿ ಕಟ್ಟುತ್ತೆ, ಅರ್ಧ ಸಂಬಳದಲ್ಲಿ ಹಿಡ್ಕೊಳ್ತಾರೆ. ಸ್ವಂತ ವ್ಯಾಪಾರದಲ್ಲಿ ಯಜಮಾನನೂ ನೀವೇ, ಆಳೂ ನೀವೇ. ಹಾಗಾಗಿ ಎರಡೂ ಅರ್ಧ ನಿಮ್ಮ ತಲೆ ಮೇಲೆ. 12.4% ಸೋಶಿಯಲ್ ಸೆಕ್ಯೂರಿಟಿ, 2.9% ಮೆಡಿಕೇರ್, ಒಟ್ಟು 15.3%. ಇದು ಲಾಭದ 92.35% ಭಾಗದ ಮೇಲೆ ಬೀಳುತ್ತೆ. ಲಾಭ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಸಾಕು, ಕಟ್ಟಲೇಬೇಕು. ಸಮಾಧಾನದ ಮಾತು ಅಂದ್ರೆ, ಕಟ್ಟಿದ್ದರಲ್ಲಿ ಅರ್ಧವನ್ನು ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯಬಹುದು.

ಅವತ್ತು ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮೂರು ತಿಂಗಳ ರಾತ್ರಿಯ ಹೊಲಿಗೆ ಹಾಗೇ ಕೈಬಿಟ್ಟು ಹೋದಂಗಾಯ್ತು.

*

ಆಮೇಲೆ ಒಂದು ವರ್ಷ ಲೈಬ್ರರಿಯಲ್ಲಿ ಕೂತು, ಐಆರ್‌ಎಸ್‌ನ ಪುಸ್ತಿಕೆಗಳನ್ನ ಓದಿದೆ. ಆಗ ಗೊತ್ತಾಯಿತು, ನನ್ನ ಲಾಭ 18,000 ಆಗಿರಲೇ ಇಲ್ಲ ಅಂತ! ಕಳೆಯಬೇಕಾದದ್ದನ್ನ ನಾನು ಕಳೆದೇ ಇರಲಿಲ್ಲ. ಆತ ಕೇಳಲಿಲ್ಲ, ನಾನು ಹೇಳಲಿಲ್ಲ. ಹೊಲಿಗೆ ಮಿಷನ್ 1,400 ಡಾಲರ್ ಕೊಟ್ಟು ತಂದದ್ದು, ಇಸ್ತ್ರಿ ಪೆಟ್ಟಿಗೆ, ಟೇಬಲ್, ಫೋನ್ ಬಿಲ್ಲಿನ ಒಂದು ಪಾಲು... ಯಾವುದೂ ಲೆಕ್ಕಕ್ಕೆ ಹೋಗಿರಲಿಲ್ಲ.

ಒಂದು ಸಲ ಫೈಲ್ ಮಾಡಿದ ಮೇಲೂ ಮೂರು ವರ್ಷದೊಳಗೆ ತಿದ್ದಿ ಕಳಿಸಬಹುದು. ಅದಕ್ಕೆ 1040-ಎಕ್ಸ್ ಅಂತ ಒಂದು ಫಾರಂ ಇದೆ. 2018ರಲ್ಲಿ ತಿದ್ದಿ ಕಳಿಸಿದೆ. ಬಿಲ್ ಇದ್ದ 2,000 ಡಾಲರ್ ಖರ್ಚಿಗೆ ಸುಮಾರು 740 ಡಾಲರ್ ವಾಪಸ್ ಬಂತು. ಆದರೆ ಆ ವರ್ಷ ಗಿರಾಕಿಗಳ ಮನೆಗೆ, ಬಟ್ಟೆ ಅಂಗಡಿಗಳಿಗೆ ಕಾರಲ್ಲಿ ಓಡಾಡಿದ್ದು ನನ್ನ ಅಂದಾಜಿಗೆ 2,500 ಮೈಲಿ. ಮೈಲಿಗೆ 54 ಸೆಂಟಿನಂತೆ 1,350 ಡಾಲರ್ ಕಳೆಯಬಹುದಿತ್ತು, ತೆರಿಗೆಯಲ್ಲಿ 500 ಡಾಲರ್ ಉಳೀತಿತ್ತು. ಬರೆದಿಟ್ಟಿರಲಿಲ್ಲ. ಅಂದಾಜು ಅಂದ್ರೆ ಅಲ್ಲಿ ಬೆಲೆ ಇಲ್ಲ. ಬಿಟ್ಟೆ.

ಅಪ್ಪ ಕೇಳಿದ ಪ್ರಶ್ನೆಯ ಬೆಲೆ ಐನೂರು ಡಾಲರ್ ಅಂತ ಅವತ್ತು ಗೊತ್ತಾಯಿತು :-)

*

ಸರಿ, ಈಗ ಗೆಳತಿಗೆ ಹೇಳಿದ್ದನ್ನ ಒಂದೊಂದಾಗಿ ಹೇಳ್ತೀನಿ. ಎಲ್ಲ ಅಮೆರಿಕದ ಫೆಡರಲ್ ತೆರಿಗೆಯ ಮಾತು, ಒಂಟಿಯಾಗಿ ಸಣ್ಣ ವ್ಯಾಪಾರ ನಡೆಸುವವರಿಗೆ, ಅಂದ್ರೆ ಶೆಡ್ಯೂಲ್ ಸಿ ತುಂಬುವವರಿಗೆ. ರಾಜ್ಯದ ತೆರಿಗೆ ಒಂದೊಂದು ಕಡೆ ಒಂದೊಂದು ಥರ, ಅದನ್ನ ನಿಮ್ಮ ರಾಜ್ಯದಲ್ಲಿ ವಿಚಾರಿಸಿ.

ಮೊದಲನೆಯದು, ಬ್ಯಾಂಕ್ ಖಾತೆ ಬೇರೆ ಮಾಡಿ. ಮನೆ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿದ್ದರೆ ಏಪ್ರಿಲ್‌ನಲ್ಲಿ ಅಕ್ಕಿಯಿಂದ ಕಲ್ಲು ಆರಿಸೋ ಕೆಲಸ. ಒಂದು ಖಾತೆ, ಒಂದು ಕಾರ್ಡ್ ವ್ಯಾಪಾರಕ್ಕೇ ಅಂತ ಇಟ್ಟರೆ ಅರ್ಧ ಲೆಕ್ಕ ತಾನೇ ಬರೆದುಕೊಳ್ಳುತ್ತೆ. ಅಂಗಡಿ ರಸೀದಿಯ ಅಕ್ಷರ ಆರು ತಿಂಗಳಿಗೆ ಮಾಯವಾಗುತ್ತೆ, ಅದಕ್ಕೆ ತಂದ ದಿನವೇ ಫೋನಲ್ಲಿ ಫೋಟೋ ತೆಗೆದು ಇಡಿ. ಸಾಮಾನ್ಯವಾಗಿ ಫೈಲ್ ಮಾಡಿದ ಮೇಲೆ ಮೂರು ವರ್ಷ ದಾಖಲೆ ಇಟ್ಟಿರಬೇಕು. ಆದಾಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಿಟ್ಟುಹೋಗಿದ್ದರೆ ಅವರು ಆರು ವರ್ಷ ಹಿಂದಕ್ಕೂ ಕೆದಕಬಹುದು. ನಾನಂತೂ ಏಳು ವರ್ಷ ಎತ್ತಿಡ್ತೀನಿ.

ಎರಡನೆಯದು ಮೈಲಿ. 2025ರಲ್ಲಿ ವ್ಯಾಪಾರಕ್ಕೆ ಓಡಿಸಿದ ಪ್ರತಿ ಮೈಲಿಗೆ 70 ಸೆಂಟ್ ಕಳೆಯಬಹುದು (2024ರಲ್ಲಿ 67 ಇತ್ತು). ತಾರೀಕು, ಎಲ್ಲಿಗೆ, ಯಾಕೆ, ಎಷ್ಟು ಮೈಲಿ, ಇಷ್ಟು ಬರೆದರೆ ಸಾಕು. ನನ್ನ ಕಾರಲ್ಲಿ ಒಂದು ಹಳೇ ಡೈರಿ ಇದೆ, ಇಂಜಿನ್ ಆರಿಸಿದ ಮೇಲೆ ಅದರಲ್ಲಿ ಬರೆದೇ ಕೆಳಗಿಳಿಯೋದು. ಒಂದು ಎಚ್ಚರಿಕೆ: ನಾವು ದೇವಸ್ಥಾನಕ್ಕೆ ಹೊರಟು ದಾರೀಲಿ ಒಬ್ಬರ ಮನೆಗೆ ಬ್ಲೌಸ್ ಕೊಟ್ಟು ಹೋಗ್ತೀವಲ್ಲ, ಆಗ ಪೂರ್ತಿ ದೂರ ವ್ಯಾಪಾರದ್ದಾಗಲ್ಲ. ಗಿರಾಕಿಗೋಸ್ಕರ ಸುತ್ತಿ ಹೋದಷ್ಟು ಮಾತ್ರ. ದೇವರ ಮೈಲಿ ಬೇರೆ, ದರ್ಜಿ ಮೈಲಿ ಬೇರೆ.

ಮೂರನೆಯದು ಮನೆಯ ಮೂಲೆ. ಹೋಮ್ ಆಫೀಸ್ ಅಂತ ಕಳೆಯೋಕೆ ಎರಡು ಷರತ್ತು. ಆ ಜಾಗವನ್ನ ನಿಯಮಿತವಾಗಿ ಬಳಸಬೇಕು, ವ್ಯಾಪಾರಕ್ಕೆ ಮಾತ್ರ ಬಳಸಬೇಕು. ಈ "ಮಾತ್ರ" ಅನ್ನೋದರಲ್ಲೇ ನಮ್ಮವರು ಜಾರಿ ಬೀಳೋದು. ನನ್ನ ಮಿಷನ್ ಇದ್ದದ್ದು ಗೆಸ್ಟ್ ರೂಮಿನಲ್ಲಿ. 2016ರಲ್ಲಿ ಅತ್ತೆ-ಮಾವ ಬಂದು ಐದು ತಿಂಗಳು ಅದೇ ರೂಮಿನಲ್ಲಿ ಮಲಗಿದ್ದರು. ಉಳಿದ ದಿನ ಮಗಳ ಆಟದ ಸಾಮಾನೆಲ್ಲ ಅಲ್ಲೇ. ಹೀಗಿರುವಾಗ ಆ ರೂಮನ್ನ ತೋರಿಸೋ ಹಾಗಿರಲಿಲ್ಲ. ಮುಂದಿನ ವರ್ಷ ಬೇಸ್‌ಮೆಂಟಿನ ಒಂದು ಮೂಲೆ, 12 ಅಡಿಗೆ 10 ಅಡಿ, ಪೂರ್ತಿ ಹೊಲಿಗೆಗೇ ಬಿಟ್ಟೆ. ಗೋಡೆ ಕಟ್ಟಬೇಕಾಗಿಲ್ಲ, ಇಷ್ಟು ಜಾಗ ಅಂತ ಬೇರೆಯಾಗಿ ಗುರುತು ಸಿಕ್ಕರೆ ಸಾಕು. ಸುಲಭದ ವಿಧಾನದಲ್ಲಿ ಚದರ ಅಡಿಗೆ 5 ಡಾಲರ್, ಹೆಚ್ಚೆಂದರೆ 300 ಚದರ ಅಡಿ, ಅಂದ್ರೆ 1,500 ಡಾಲರ್‌ವರೆಗೆ. ನನ್ನ 120 ಅಡಿಗೆ 600. ಬಾಡಿಗೆ, ಕರೆಂಟು, ವಿಮೆ ಇವುಗಳ ನಿಜವಾದ ಪಾಲು ತೆಗೆಯೋ ಇನ್ನೊಂದು ವಿಧಾನಕ್ಕೆ 8829 ಅಂತ ಫಾರಂ. ಬಾಡಿಗೆ ಹೆಚ್ಚಿರೋ ಊರಲ್ಲಿ ಅದರಲ್ಲೇ ಹೆಚ್ಚು ಸಿಗುತ್ತೆ. ಎರಡನ್ನೂ ಲೆಕ್ಕ ಹಾಕಿ ನೋಡಿ.

ನಾಲ್ಕನೆಯದು ಸಾಮಾನು-ಸರಂಜಾಮು. ಒಂದೊಂದೂ 2,500 ಡಾಲರ್ ಮೀರದ ವಸ್ತುವಾದರೆ ಅದೇ ವರ್ಷ ಪೂರ್ತಿ ಖರ್ಚು ಅಂತ ತೋರಿಸಬಹುದು, ಆದರೆ ರಿಟರ್ನ್ ಜೊತೆ ಹಾಗಂತ ಒಂದು ಹೇಳಿಕೆ ಲಗತ್ತಿಸಬೇಕು, ಅದೂ ಸಮಯಕ್ಕೆ ಸರಿಯಾಗಿ. ತಡವಾಗಿ ತಿದ್ದುವಾಗ ಈ ದಾರಿ ಇಲ್ಲ. ಅದಕ್ಕೇ ನಾನು 2018ರಲ್ಲಿ ಮಿಷನ್ನನ್ನ ಸೆಕ್ಷನ್ 179 ಅನ್ನೋ ಇನ್ನೊಂದು ಬಾಗಿಲಿಂದ ಒಳಗೆ ತಂದದ್ದು.

ಐದನೆಯದು, ಏನನ್ನ ಕಳೆಯಬಾರದು ಅನ್ನೋದು. "ನಾನು ಉಟ್ಟ ಸೀರೆ-ಬ್ಲೌಸೇ ನನ್ನ ಜಾಹೀರಾತು, ಅದನ್ನ ಹಾಕಬಹುದಾ?" ಅಂತ ನಾನೂ ಆಸೆಪಟ್ಟಿದ್ದೆ. ಆಗಲ್ಲ. ದಿನನಿತ್ಯ ಉಡಬಹುದಾದ ಬಟ್ಟೆ ವ್ಯಾಪಾರದ ಖರ್ಚಲ್ಲ. ಹಾಗೇ ಊರಿನ ಟಿಕೆಟ್. ತಂಗಿ ಮದುವೆಗೆ ಅಂತ ಒಂದು ತಿಂಗಳು ಹೋಗಿ, ಅರ್ಧ ದಿನ ಚಿಕ್ಕಪೇಟೆಯಲ್ಲಿ ಲೇಸು, ಬಾರ್ಡರ್ ಕೊಂಡು ಬಂದರೆ ವಿಮಾನದ ಟಿಕೆಟ್ ವ್ಯಾಪಾರದ್ದಾಗಲ್ಲ. ಪ್ರಯಾಣದ ಮುಖ್ಯ ಉದ್ದೇಶ ನೋಡ್ತಾರೆ. ಆದರೆ ಚಿಕ್ಕಪೇಟೆಯ ಸರಕಿನ ಬಿಲ್ ಮಾತ್ರ ಖಂಡಿತ ನಿಮ್ಮ ಖರ್ಚೇ. ಬಿಲ್ ಕೇಳಿ ಇಸ್ಕೊಳ್ಳಿ, ಅವತ್ತಿನ ರೂಪಾಯಿ-ಡಾಲರ್ ದರ ಪಕ್ಕದಲ್ಲೇ ಬರೆದಿಡಿ.

ಆರನೆಯದು ಕೇಳದೇ ಸಿಗೋ ವರ. ಲಾಭದ ಶೇಕಡಾ 20ರವರೆಗೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಿಂದ ಬಿಟ್ಟುಕೊಡುವ ಕ್ಯೂಬಿಐ ಅನ್ನೋ ಕಡಿತ 2018ರಿಂದ ಇದೆ. 2025ರ ಕೊನೆಗೆ ಮುಗಿದುಹೋಗಬೇಕಿತ್ತು, 2025ರ ಜುಲೈನಲ್ಲಿ ಬಂದ ಕಾನೂನು ಅದನ್ನ ಕಾಯಂ ಮಾಡಿತು. 2025ಕ್ಕೆ ಗಂಡ-ಹೆಂಡತಿ ಸೇರಿ ತೆರಿಗೆಗೆ ಒಳಪಡುವ ಆದಾಯ 3,94,600 ಡಾಲರ್ ಒಳಗಿದ್ದರೆ (ಒಬ್ಬರೇ ಆದರೆ 1,97,300) ಹೆಚ್ಚು ತಲೆಬಿಸಿಯಿಲ್ಲ. ಸಾಫ್ಟ್‌ವೇರು ಲೆಕ್ಕ ಹಾಕಿಕೊಡುತ್ತೆ. ಆದರೂ ಆ ಸಾಲಿನಲ್ಲಿ ಸೊನ್ನೆ ಇದೆಯಾ ಅಂತ ಒಮ್ಮೆ ನೋಡಿ.

ಏಳನೆಯದು ಮುಪ್ಪಿನ ಗಂಟು. ಇದು ನನಗೆ ತುಂಬಾ ಇಷ್ಟ, ಯಾಕಂದ್ರೆ ದುಡ್ಡು ಖರ್ಚಾಗದೇ ತೆರಿಗೆ ಉಳಿಯೋದು ಇಲ್ಲೊಂದೇ. ಸೆಪ್ ಐಆರ್‌ಎ ಅನ್ನೋ ಖಾತೆಗೆ ಲಾಭದ ಹತ್ತಿರ ಹತ್ತಿರ ಐದನೇ ಒಂದು ಪಾಲು ಹಾಕಬಹುದು (2025ಕ್ಕೆ ಗರಿಷ್ಠ 70,000 ಡಾಲರ್). ವರ್ಷ ಮುಗಿದ ಮೇಲೂ, ಫೈಲ್ ಮಾಡೋ ಗಡುವಿನ ತನಕ ಖಾತೆ ತೆರೆದು ದುಡ್ಡು ಹಾಕಬಹುದು. 2017ರ ಏಪ್ರಿಲ್ 18ರ ಗಡುವಿನೊಳಗೆ ನಾನು 3,300 ಹಾಕಿದ್ದರೆ 800 ಡಾಲರ್ ತೆರಿಗೆ ಉಳೀತಿತ್ತು. ಯಾರೂ ಹೇಳಲಿಲ್ಲ. ಗಂಡನ ಸಂಬಳದಲ್ಲೇ ಮನೆ ನಡೆದು, ನಿಮ್ಮ ದುಡಿಮೆ ಹೆಚ್ಚೂಕಡಿಮೆ ಪೂರ್ತಿ ಉಳಿಸೋ ಹಾಗಿದ್ದರೆ ಸೋಲೋ 401(ಕೆ) ಇನ್ನೂ ವಾಸಿ. ಅದರಲ್ಲಿ 2025ಕ್ಕೆ ಉದ್ಯೋಗಿಯ ಪಾಲೇ 23,500 ಡಾಲರ್‌ವರೆಗೆ ಹಾಕಬಹುದು. ಒಂದು ನೆನಪಿಡಿ, ಇವೆರಡೂ ಇನ್‌ಕಮ್ ಟ್ಯಾಕ್ಸ್ ತಗ್ಗಿಸುತ್ತವೆ, ಆ 15.3% ತಗ್ಗಿಸಲ್ಲ.

ಎಂಟನೆಯದು ಮಕ್ಕಳು. ಹದಿನೆಂಟು ತುಂಬದ ಸ್ವಂತ ಮಗ-ಮಗಳು ನಿಮ್ಮ ಒಂಟಿ ವ್ಯಾಪಾರದಲ್ಲಿ ನಿಜವಾಗಲೂ ಕೆಲಸ ಮಾಡಿದರೆ ಕೊಟ್ಟ ಸಂಬಳ ನಿಮಗೆ ಖರ್ಚು. ಅದರ ಮೇಲೆ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಕಟ್ಟೋದು ಬೇಡ. ಮಗುವಿಗೆ ಬೇರೆ ಆದಾಯ ಇಲ್ಲದಿದ್ದರೆ 2025ರಲ್ಲಿ 15,750 ಡಾಲರ್‌ವರೆಗೆ ಇನ್‌ಕಮ್ ಟ್ಯಾಕ್ಸೂ ಇಲ್ಲ. ನನ್ನ ಮಗಳು ಬ್ಲೌಸುಗಳ ಫೋಟೋ ತೆಗೆದು ಹಾಕ್ತಾಳೆ, ಆರ್ಡರ್ ಪಟ್ಟಿ ನೋಡ್ಕೋತಾಳೆ. ಗಂಟೆ ಬರೆದು, ಬೇರೆಯವರಿಗೆ ಕೊಡುವಷ್ಟೇ ಕೂಲಿಯನ್ನ ಅವಳ ಖಾತೆಗೇ ಹಾಕ್ತೀನಿ, ವರ್ಷದ ಕೊನೆಗೆ ಡಬ್ಲ್ಯೂ-2 ಕೊಡ್ತೀನಿ. ತೊಟ್ಟಿಲ ಕೂಸಿಗೆ ಮ್ಯಾನೇಜರ್ ಸಂಬಳ ಬರೆಯೋ ಕೆಲಸ ಮಾತ್ರ ಬೇಡ. ಮಕ್ಕಳ ಕೆಲಸಕ್ಕೆ ನಿಮ್ಮ ರಾಜ್ಯದ ಕಾನೂನು ಏನನ್ನುತ್ತೆ ಅಂತಲೂ ನೋಡ್ಕೊಳ್ಳಿ.

ಹಾಗೇ, ಎಚ್-1ಬಿಯಲ್ಲಿರೋ ಗಂಡ "ಹೆಂಡತಿ ವ್ಯಾಪಾರ ತಾನೇ" ಅಂತ ಗಲ್ಲದ ಮೇಲೆ ಕೂತು ವ್ಯವಹಾರ ನಡೆಸೋ ಹಾಗಿಲ್ಲ. ಅದು ತೆರಿಗೆಯ ಪ್ರಶ್ನೆಯಲ್ಲ, ವೀಸಾದ ಪ್ರಶ್ನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಒಂಬತ್ತನೆಯದು ಎಲ್‌ಎಲ್‌ಸಿ ಭ್ರಮೆ. "ಎಲ್‌ಎಲ್‌ಸಿ ಮಾಡಿಸಿಬಿಡಿ, ಟ್ಯಾಕ್ಸೇ ಬರಲ್ಲ" ಅನ್ನೋರು ಪ್ರತಿ ಪಾರ್ಟಿಯಲ್ಲೂ ಒಬ್ಬರು ಸಿಗ್ತಾರೆ. ಒಬ್ಬರೇ ಮಾಲೀಕರಿರೋ ಎಲ್‌ಎಲ್‌ಸಿಯನ್ನ ಐಆರ್‌ಎಸ್ ತಾನಾಗಿ ಬೇರೆ ಅಂತ ನೋಡೋದೇ ಇಲ್ಲ. ಅದೇ ಶೆಡ್ಯೂಲ್ ಸಿ, ಅದೇ 15.3%. ಅದು ಇರೋದು ಸಾಲ-ಮೊಕದ್ದಮೆಗಳಿಂದ ಮನೆಮಠ ಕಾಪಾಡಿಕೊಳ್ಳೋಕೆ. ಕ್ಯಾಲಿಫೋರ್ನಿಯಾದಲ್ಲಂತೂ ಎಲ್‌ಎಲ್‌ಸಿ ಇಟ್ಟುಕೊಂಡದ್ದಕ್ಕೇ ವರ್ಷಕ್ಕೆ ಕನಿಷ್ಠ 800 ಡಾಲರ್ ಕಕ್ಕಬೇಕು. ಎಸ್ ಕಾರ್ಪೊರೇಶನ್ ಅಂತ ಬದಲಾಯಿಸಿಕೊಂಡು, ನಿಮಗೆ ನೀವೇ ನ್ಯಾಯವಾದ ಸಂಬಳ ಕೊಟ್ಕೊಂಡು, ಉಳಿದ ಲಾಭದ ಮೇಲೆ ಆ 15.3% ತಪ್ಪಿಸಬಹುದು, ನಿಜ. ಆದರೆ ಸಂಬಳದ ಲೆಕ್ಕ, ಬೇರೆ ರಿಟರ್ನ್, ಅಕೌಂಟೆಂಟ್ ಫೀಸು ಎಲ್ಲ ಸೇರಿದರೆ ಸಣ್ಣ ಲಾಭಕ್ಕೆ ಕೋಳಿಗಿಂತ ಮಸಾಲೆ ದುಬಾರಿ.

ಹತ್ತನೆಯದು ಕಂತು. ಸ್ವಂತ ವ್ಯಾಪಾರದ ತೆರಿಗೆಯನ್ನ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15 ಹೀಗೆ ನಾಲ್ಕು ಕಂತಲ್ಲಿ ಕಟ್ಟುತ್ತಾ ಬರಬೇಕು. ಈ ವರ್ಷದ ತೆರಿಗೆಯಲ್ಲಿ 90%, ಇಲ್ಲಾ ಹೋದ ವರ್ಷದ ತೆರಿಗೆಯ 100% (ಹೋದ ವರ್ಷದ ಆದಾಯ ಒಂದೂವರೆ ಲಕ್ಷ ಡಾಲರ್ ಮೀರಿದ್ದರೆ 110%) ಮುಂಚೆಯೇ ಕಟ್ಟಿದ್ದರೆ ದಂಡ ಇಲ್ಲ. 2017ರಲ್ಲಿ ನಮಗೆ ದಂಡ ಬೀಳದೇ ಹೋದದ್ದು ಇದರಿಂದಲೇ, ಯಜಮಾನರ ಸಂಬಳದಲ್ಲಿ ಹಿಡಿದದ್ದೇ ಹಿಂದಿನ ವರ್ಷದ್ದನ್ನ ಮೀರಿತ್ತು. ಈಗ ನಾವು ಮಾಡೋದು ಇಷ್ಟೇ: ಅವರ ಆಫೀಸಲ್ಲಿ ಡಬ್ಲ್ಯೂ-4 ತುಂಬಿ ಪ್ರತಿ ಸಂಬಳದಲ್ಲಿ ಇಂತಿಷ್ಟು ಹೆಚ್ಚಿಗೆ ಹಿಡಿಯೋಕೆ ಹೇಳಿದ್ದೀವಿ. ನನ್ನ ಕಂತು ಅದರಲ್ಲೇ ಹೋಗುತ್ತೆ. ತಾರೀಕು ನೆನಪಿಟ್ಟುಕೊಳ್ಳೋ ತಾಪತ್ರಯ ಇಲ್ಲ.

ಕೈಯಲ್ಲಿ ದುಡ್ಡಿಲ್ಲ ಅಂತ ಫೈಲ್ ಮಾಡದೇ ಮಾತ್ರ ಕೂರಬೇಡಿ. ಫೈಲ್ ಮಾಡದ್ದಕ್ಕೆ ಬಾಕಿಯ ಮೇಲೆ ತಿಂಗಳಿಗೆ 5% ದಂಡ, 25% ಮುಟ್ಟೋ ತನಕ. ಫೈಲ್ ಮಾಡಿ ದುಡ್ಡು ಕಟ್ಟದ್ದಕ್ಕೆ ತಿಂಗಳಿಗೆ 0.5% ಮತ್ತು ಬಡ್ಡಿ. ಹತ್ತು ಪಟ್ಟು ವ್ಯತ್ಯಾಸ! ಅಕ್ಟೋಬರ್ 15ರ ತನಕ ಗಡುವು ಕೇಳಬಹುದು. ಆದರೆ ಅದು ಕಾಗದ ಕಳಿಸೋಕೆ ಸಿಗೋ ಗಡುವು, ದುಡ್ಡಿಗಲ್ಲ.

ಇನ್ನೊಂದು ಮಾತು, ವ್ಯಾಪಾರಕ್ಕೆ ನೇರ ಸಂಬಂಧ ಇಲ್ಲ, ಆದರೆ ನಮ್ಮವರೆಲ್ಲ ಎಡವೋ ಕಲ್ಲು. ಊರಿನ ಎನ್‌ಆರ್‌ಇ ಡಿಪಾಸಿಟ್ಟಿನ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿರಬಹುದು, ಅಮೆರಿಕದಲ್ಲಿ ಇದೆ. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ಮೀರಿದ್ದರೆ ಎಫ್‌ಬಾರ್ ಅನ್ನೋ ವರದಿ ಬೇರೆ ಸಲ್ಲಿಸಬೇಕು.

ಇಷ್ಟೆಲ್ಲ ಮಾಡಿದರೆ ಏನು ಉಳಿಯುತ್ತೆ? ಈಗಿನ 22% ಮೆಟ್ಟಿಲಲ್ಲಿ ಇರೋರು ನ್ಯಾಯವಾಗಿ ತೋರಿಸಿದ ಪ್ರತಿ 1,000 ಡಾಲರ್ ಖರ್ಚಿಗೆ ಫೆಡರಲ್ ತೆರಿಗೆಯಲ್ಲಿ ಸುಮಾರು 300 ಉಳಿಯುತ್ತೆ. ಹನಿ ಹನಿಗೂಡಿದರೆ ಹಳ್ಳ. ಆದರೆ ಉಲ್ಟಾನೂ ಯೋಚಿಸಿ. ಟ್ಯಾಕ್ಸ್ ಉಳಿಯುತ್ತೆ ಅಂತ ಬೇಡದ 1,000 ಡಾಲರ್ ಸಾಮಾನು ತಂದರೆ ಮುನ್ನೂರು ಉಳಿಸೋಕೆ ಏಳುನೂರು ಕಳ್ಕೊಂಡ ಹಾಗೆ.

*

"ಆಯ್ತು ಅಕ್ಕಾ, ಇದೆಲ್ಲ ಸರಿ. ಆದ್ರೆ ಕ್ಯಾಶ್ ತೋರಿಸದೇ ಇದ್ರೆ ಆ 15.3% ಪೂರ್ತಿ ಉಳಿಯುತ್ತಲ್ಲಾ?" ಗೆಳತಿ ಬಿಡಲಿಲ್ಲ.

ಆಗ ಅವಳಿಗೆ ನನ್ನ ಒಂದು ಕಾಗದದ ವಿಷಯ ಹೇಳಿದೆ. ಸೋಶಿಯಲ್ ಸೆಕ್ಯೂರಿಟಿಯವರ ವೆಬ್‌ಸೈಟಿನಲ್ಲಿ ನಮ್ಮ ಹೆಸರಿಗೆ ಒಂದು ಪಟ್ಟಿ ಇರುತ್ತೆ, ಯಾವ ವರ್ಷ ಎಷ್ಟು ದುಡಿದಿರಿ ಅಂತ. ನನ್ನದನ್ನ ಮೊದಲ ಸಲ ತೆಗೆದು ನೋಡಿದಾಗ 2009ರಿಂದ 2015ರವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಆ ವರ್ಷಗಳಲ್ಲಿ ನಾನು ಮಗು ಹೆತ್ತೆ, ಸಾಕಿದೆ, ನೂರಾರು ಸೀರೆಗೆ ಫಾಲ್ ಹಾಕಿದೆ. ಆ ಪಟ್ಟಿಗೆ ಯಾವುದೂ ಗೊತ್ತಿಲ್ಲ. 2016ರ ಸಾಲಿನಲ್ಲಿ ಮೊದಲ ಬಾರಿಗೆ ಒಂದು ಅಂಕಿ. ಬೇಸ್‌ಮೆಂಟಿನ ಬಲ್ಬಿನ ಕೆಳಗೆ ಆ ಸಾಲನ್ನ ಎಷ್ಟು ಹೊತ್ತು ನೋಡಿದೆನೋ.

ನಮ್ಮ ಸ್ವಂತ ದುಡಿಮೆಯ ಮೇಲೆ ಮುಪ್ಪಿನ ಪಿಂಚಣಿ ಬರಬೇಕಂದ್ರೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದ್ರೆ ಹತ್ತು ವರ್ಷ. 2025ರಲ್ಲಿ ಒಂದು ಕ್ರೆಡಿಟ್ಟಿಗೆ 1,810 ಡಾಲರ್ ದುಡಿಮೆ ತೋರಿಸಬೇಕು, ನಾಲ್ಕಕ್ಕೆ 7,240. ಗಂಡನ ಖಾತೆಯ ಮೇಲೆ ಹೆಂಡತಿಗೆ ಒಂದು ಪಾಲು ಬರುತ್ತೆ, ಸುಳ್ಳಲ್ಲ. ಆದರೆ ನಾಳೆ ನಾನೇ ಕೈಕಾಲು ಬಿದ್ದು ದುಡಿಯಲಾಗದೇ ಹೋದರೆ ಸಿಗೋ ಅಂಗವಿಕಲತೆಯ ಭತ್ಯ ನನ್ನ ಸ್ವಂತ ಕ್ರೆಡಿಟ್ಟಿನ ಮೇಲೇ ನಿಂತಿರೋದು. ಮನೆ ಸಾಲಕ್ಕೆ ಹೋದರೂ ಬ್ಯಾಂಕಿನವರು ಕೇಳೋದು ಎರಡು ವರ್ಷದ ಟ್ಯಾಕ್ಸ್ ರಿಟರ್ನೇ. ಬಚ್ಚಿಟ್ಟ ಕ್ಯಾಶಿಗೆ ಅಲ್ಲಿ ಕಾಸಿನ ಬೆಲೆ ಇಲ್ಲ.

2020ರಲ್ಲಿ ಏನಾಯ್ತು ಗೊತ್ತಾ? ಕೋವಿಡ್ ಬಂದು ಮದುವೆ, ಮುಂಜಿ ಎಲ್ಲ ನಿಂತು, ನವೆಂಬರ್ ಕೊನೆಗೆ ಲೆಕ್ಕ ಹಾಕಿದರೆ ವರ್ಷದ ಲಾಭ ಹೆಚ್ಚಂದ್ರೆ 6,200 ಆಗೋ ಹಾಗಿತ್ತು. ಅದರ 92.35% ಅಂದ್ರೆ ಸುಮಾರು 5,725. ಆ ವರ್ಷ ನಾಲ್ಕು ಕ್ರೆಡಿಟ್ಟಿಗೆ ಬೇಕಿದ್ದದ್ದು 5,640! ಕೂದಲೆಳೆಯಲ್ಲಿ ದಾಟಿತ್ತು. ಅದೇ ಡಿಸೆಂಬರ್‌ನಲ್ಲಿ ನಾನು 900 ಡಾಲರಿನ ಇಂಟರ್‌ಲಾಕ್ ಮಿಷನ್ ಕೊಳ್ಳೋಕೆ ಹೊರಟಿದ್ದೆ, "ಖರ್ಚು ತೋರಿಸಬಹುದಲ್ಲ" ಅಂತ. ಕೊಂಡಿದ್ದರೆ ಒಂದು ಕ್ರೆಡಿಟ್ ಹೋಗ್ತಿತ್ತು. ಆದ ಖರ್ಚನ್ನ ತೋರಿಸದೇ ಬಿಟ್ಟು ಲಾಭ ಉಬ್ಬಿಸೋ ಹಾಗಿಲ್ಲ, ಅದೂ ತಪ್ಪೇ. ಆದರೆ ಖರ್ಚನ್ನೇ ಮುಂದಕ್ಕೆ ಹಾಕಬಹುದಲ್ಲ? ಮಿಷನ್ 2021ರ ಜನವರಿಯಲ್ಲಿ ತಂದೆ. ತೆರಿಗೆ ಉಳಿಸೋದು ಅಂದ್ರೆ ಯಾವಾಗಲೂ ಕಡಿಮೆ ಕಟ್ಟೋದಲ್ಲ, ಯಾವಾಗ ಕಟ್ಟಬೇಕು ಅಂತ ತಿಳಿಯೋದು ಕೂಡ ಅಂತ ಅವತ್ತು ಅರ್ಥವಾಯ್ತು.

2016ರಿಂದ 2025. ಹತ್ತು ವರ್ಷ, ವರ್ಷಕ್ಕೆ ನಾಲ್ಕು. ನನ್ನ ನಲವತ್ತು ತುಂಬಿತು. 2017ರ ಏಪ್ರಿಲ್‌ನಲ್ಲಿ ಶಾಪ ಹಾಕುತ್ತಾ ಕಟ್ಟಿದ ಆ 2,540 ಡಾಲರ್ ಕೊಂಡು ತಂದದ್ದು ಮೊದಲ ನಾಲ್ಕನ್ನ. ಅಪ್ಪ ಈಗಿಲ್ಲ. ಇದ್ದಿದ್ದರೆ ಫೋನ್ ಮಾಡಿ, "ಲೆಕ್ಕ ಬರೆದಿದ್ದೀನಿ ಅಪ್ಪಾ" ಅಂತ ಸುಳ್ಳಿಲ್ಲದೇ ಹೇಳಬಹುದಿತ್ತು.

ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಕ್ಕಾ, ಕಾರಲ್ಲಿಡೋಕೆ ಯಾವ ಥರ ಡೈರಿ ತಗೊಳ್ಲಿ?" ಅಂದಳು.

"ಯಾವುದಾದ್ರೂ ಸರಿ ಕಣೇ. ಇವತ್ತೇ ತಗೋ. ರಸೀದಿ ಇಟ್ಕೋ, ಅದೂ ಖರ್ಚೇ!" ಅಂದೆ.